ಕತ್ತೆ ಹುಡುಕಲು ಹೋದವನಿಗೆ ಕಿರೀಟ

ಹೋದ ಸಂಚಿಕೆಯಲ್ಲಿ ಸೌಲನ ಕಥೆ ಬರೆದಿದ್ದೆ. ಅಪ್ಪನ ಕತ್ತೆಗಳು ತಪ್ಪಿಸಿಕೊಂಡವು ಅಂತ ಹುಡುಕಿಕೊಂಡು ಹೊರಟ ಹುಡುಗ, ದಾರಿಯಲ್ಲಿ ಪ್ರವಾದಿ ಸಮುವೇಲನ ಕೈಯಿಂದ ತಲೆಗೆ ಎಣ್ಣೆ ಹೊಯ್ಯಿಸಿಕೊಂಡು ಇಸ್ರಾಯೇಲರ ಮೊದಲ ಅರಸನಾದ ಕಥೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಸಂಪಾದಕರೂ ಅಂದುಕೊಂಡಿರಲಿಲ್ಲ. ಅರಸ, ಒಡಂಬಡಿಕೆ (ದೇವರಿಗೂ ಜನರಿಗೂ ಆದ ಕರಾರು), ಪವಿತ್ರ ಜಾಗ, ಈ ಮೂರರ ಸುತ್ತ ಬಂದ ಪ್ರಶ್ನೆಗಳನ್ನು ಈ ಸಲ ತೆಗೆದುಕೊಂಡಿದ್ದೇನೆ. ಇಲ್ಲಿ ಭಕ್ತಿಯ ಪಾಠ ಇಲ್ಲ. ಹೀಬ್ರೂ ಧರ್ಮಗ್ರಂಥದಲ್ಲಿ, ಅಂದರೆ ಕ್ರೈಸ್ತರು ಹಳೆ ಒಡಂಬಡಿಕೆ ಅನ್ನುವ ಭಾಗದಲ್ಲಿ, ಏನು ಬರೆದಿದೆ ಮತ್ತು ನೆಲ ಅಗೆದವರಿಗೆ ಏನು ಸಿಕ್ಕಿದೆ ಅನ್ನೋದಷ್ಟೇ ಇದೆ.

ಪ್ರಶ್ನೆ (ದಾವಣಗೆರೆಯಿಂದ): ದೇವರೇ ನಮ್ಮ ಅರಸ ಅಂತಿದ್ದ ಜನ ಮನುಷ್ಯ ಅರಸನನ್ನು ಯಾಕೆ ಕೇಳಿದರು? ಸಮುವೇಲ ಬೇಡ ಅಂದ. ದೇವರಿಗೂ ಬೇಜಾರಾಯಿತು. ಆಮೇಲೆ ನೋಡಿದರೆ ಅದೇ ದೇವರು ಸೌಲನನ್ನು ಆರಿಸಿ ಕೊಡುತ್ತಾನೆ. ಒಂದಕ್ಕೊಂದು ತಾಳೆ ಆಗಲ್ಲ ಅಲ್ವಾ ಸರ್?

ಉತ್ತರ: ಆಗಲ್ಲ. ತಾಳೆ ಮಾಡಿಸುವ ಗೋಜಿಗೆ ಆ ಪುಸ್ತಕ ಬರೆದವರೂ ಹೋಗಿಲ್ಲ.

ಮೊದಲು ಜನರ ಕಷ್ಟ ನೋಡಿ. ಸಮುವೇಲನಿಗೆ ವಯಸ್ಸಾಗಿತ್ತು. ಬೇರ್ಷೆಬದಲ್ಲಿ ನ್ಯಾಯ ಹೇಳಲು ಅವನು ಕೂರಿಸಿದ್ದ ಇಬ್ಬರು ಮಕ್ಕಳು ಲಂಚ ತಿನ್ನುತ್ತಿದ್ದರು. ಕರಾವಳಿ ಕಡೆಯಿಂದ ಫಿಲಿಷ್ಟಿಯರು ಒತ್ತಿಕೊಂಡು ಬರುತ್ತಿದ್ದರು. ಅವರ ಹಿಡಿತ ಎಷ್ಟಿತ್ತು ಅಂದರೆ, ಇವರು ಕತ್ತಿ ಈಟಿ ಮಾಡಿಕೊಂಡುಬಿಟ್ಟಾರು ಅಂತ ಇಡೀ ಇಸ್ರಾಯೇಲ್ ನಾಡಿನಲ್ಲಿ ಒಬ್ಬ ಕಮ್ಮಾರನೂ ಇಲ್ಲದ ಹಾಗೆ ನೋಡಿಕೊಂಡಿದ್ದರು. ರೈತ ನೇಗಿಲ ಗುಳ ತಟ್ಟಿಸಬೇಕು, ಕೊಡಲಿ ಹರಿತ ಮಾಡಿಸಬೇಕು ಅಂದರೆ ಶತ್ರುವಿನ ಕುಲುಮೆಗೇ ಹೋಗಬೇಕು. ಗುಳಕ್ಕೆ ಕೂಲಿ ಒಂದು ಪೀಮ್ ಬೆಳ್ಳಿ. ಆ ಹೆಸರು ಕೆತ್ತಿದ ಪುಟ್ಟ ತೂಕದ ಕಲ್ಲುಗಳು ಉತ್ಖನನದಲ್ಲಿ ಸಿಕ್ಕಿವೆ, ಒಂದೊಂದು ಹೆಚ್ಚುಕಡಿಮೆ 8 ಗ್ರಾಂ. ಸೌಲ ಅರಸನಾದ ಮೇಲೂ, ಯುದ್ಧದ ದಿನ ಕತ್ತಿ ಇದ್ದದ್ದು ಅವನ ಹತ್ತಿರ ಮತ್ತು ಮಗ ಯೋನಾತಾನನ ಹತ್ತಿರ ಮಾತ್ರವಂತೆ. ಇಂಥ ಸ್ಥಿತಿಯಲ್ಲಿ ಹಿರಿಯರೆಲ್ಲ ರಾಮಾ ಊರಿಗೆ ಬಂದು, ಸುತ್ತಲಿನವರಿಗೆಲ್ಲ ಅರಸರಿದ್ದಾರೆ, ನಮಗೂ ಒಬ್ಬನನ್ನು ಕೊಡು ಅಂದರೆ ತಪ್ಪು ಹೇಗೆ ಹೇಳೋಣ?

ಆಗ ಸಮುವೇಲ ಕೊಟ್ಟ ಉತ್ತರವನ್ನು ಒಮ್ಮೆ ಓದಲೇಬೇಕು. ಅರಸ ಬಂದರೆ ಏನಾಗುತ್ತದೆ ಗೊತ್ತಾ ಅಂತ ಶುರು ಮಾಡುತ್ತಾನೆ. ನಿಮ್ಮ ಗಂಡುಮಕ್ಕಳನ್ನು ತೆಗೆದುಕೊಂಡು ತನ್ನ ರಥದ ಮುಂದೆ ಓಡಿಸುತ್ತಾನೆ. ಹೆಣ್ಣುಮಕ್ಕಳನ್ನು ಅಡುಗೆಗೆ, ರೊಟ್ಟಿ ಸುಡಲು, ಸುಗಂಧ ಮಾಡಲು ಇಟ್ಟುಕೊಳ್ಳುತ್ತಾನೆ. ಒಳ್ಳೊಳ್ಳೆ ಹೊಲ, ದ್ರಾಕ್ಷಿ ತೋಟ, ಎಣ್ಣೆಮರದ (ಆಲಿವ್) ತೋಪು ಕಿತ್ತುಕೊಂಡು ತನ್ನ ಅಧಿಕಾರಿಗಳಿಗೆ ಹಂಚುತ್ತಾನೆ. ಬೆಳೆಯಲ್ಲಿ ಹತ್ತನೇ ಒಂದು ಪಾಲು, ಕುರಿಯಲ್ಲಿ ಹತ್ತನೇ ಒಂದು ಪಾಲು. ಕೊನೆಗೆ ನೀವೇ ಆಳಾಗುತ್ತೀರಿ, ಆವತ್ತು ಬಾಯಿ ಬಡಿದುಕೊಂಡರೂ ದೇವರು ಕಿವಿಗೊಡಲ್ಲ. ಇಷ್ಟು ಹೇಳಿದರೂ ಜನ ಕೇಳಲಿಲ್ಲ. ಅವರು ತಳ್ಳಿದ್ದು ನಿನ್ನನ್ನಲ್ಲ, ನನ್ನನ್ನು, ಹೋಗಲಿ, ಕೇಳಿದ್ದು ಕೊಟ್ಟುಬಿಡು ಅಂತಾನೆ ಅವರ ದೇವರು ಯೆಹೋವ.

ಮುಂದಿನ ಅಧ್ಯಾಯದಲ್ಲಿ ಗಾಳಿಯೇ ಬದಲು. ನನ್ನ ಜನರ ಗೋಳು ನೋಡಿದ್ದೇನೆ, ಅವರನ್ನು ಬಿಡಿಸಲು ಒಬ್ಬನನ್ನು ಕಳಿಸುತ್ತೇನೆ ಅಂತ ಅದೇ ಯೆಹೋವ ಸೌಲನನ್ನು ತೋರಿಸುತ್ತಾನೆ. ಅರಸ ಬೇಕು ಅನ್ನುವ ಒಂದು ಹಳೆ ಕಥೆ, ಬೇಡವಾಗಿತ್ತು ಅನ್ನುವ ಇನ್ನೊಂದು, ಎರಡನ್ನೂ ಹೆಣೆದಿದ್ದಾರೆ ಅಂತ ಸುಮಾರು ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೇ ಅನಿಸುತ್ತದೆ. ಒಂದನ್ನು ಅಳಿಸಿ ಹಾಕುವುದು ಸುಲಭವಿತ್ತು. ಅವರು ಅಳಿಸಲಿಲ್ಲ. ಅದರ ಜೊತೆಗೆ, ಚೀಟಿ ಎತ್ತಿದಾಗ ಸೌಲನ ಹೆಸರು ಬಂತು, ಆದರೆ ಆಸಾಮಿ ಸಾಮಾನಿನ ಮೂಟೆಗಳ ಸಂದಿಯಲ್ಲಿ ಅಡಗಿಕೊಂಡಿದ್ದ ಅನ್ನೋದನ್ನೂ ಬರೆದಿಟ್ಟರು. ತಮ್ಮ ಮೊದಲ ಅರಸನ ಬಗ್ಗೆ ಇಂಥ ವಿವರ ಬರೆದುಕೊಳ್ಳುವ ಜನ ಅಪರೂಪ.

ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೋತಾಮ ಹೇಳುವ ಕಥೆ ಇನ್ನೂ ಖಾರ. ಮರಗಳೆಲ್ಲ ಸೇರಿ ಅರಸನನ್ನು ಹುಡುಕುತ್ತವೆ. ಎಣ್ಣೆಮರ, ಅಂಜೂರ, ದ್ರಾಕ್ಷಿ ಬಳ್ಳಿ ಮೂರೂ ನಮಗೆ ಬೇರೆ ಕೆಲಸ ಇದೆ ಅಂತ ಒಲ್ಲೆ ಅನ್ನುತ್ತವೆ. ಒಪ್ಪಿಕೊಂಡದ್ದು ಮುಳ್ಳಿನ ಗಿಡ. ಬನ್ನಿ, ನನ್ನ ನೆರಳಲ್ಲಿ ಕೂರಿ ಅಂತಂತೆ!

ಪ್ರಶ್ನೆ (ಮೈಸೂರಿನಿಂದ): ನಮ್ಮಲ್ಲಿ ‘ರಾಜಾ ಪ್ರತ್ಯಕ್ಷ ದೇವತಾ’ ಅನ್ನುತ್ತಿದ್ದರು. ಅಲ್ಲಿಯೂ ಅರಸ ದೇವರ ಅಂಶವೇ?

ಉತ್ತರ: ಹತ್ತಿರ ಹೋಗುತ್ತಾರೆ, ಆದರೆ ದಾಟಲ್ಲ. ಎರಡನೇ ಕೀರ್ತನೆಯಲ್ಲಿ ದೇವರು ಅರಸನಿಗೆ, ನೀನು ನನ್ನ ಮಗ, ಇವತ್ತು ನಿನ್ನನ್ನು ಹೆತ್ತಿದ್ದೇನೆ ಅನ್ನುತ್ತಾನೆ. ಪಟ್ಟಾಭಿಷೇಕದ ದಿನ ಹಾಡುತ್ತಿದ್ದದ್ದು ಅಂತ ಕಾಣುತ್ತದೆ. ಈಜಿಪ್ಟಿನ ಫರೋಹನ ಹಾಗೆ ಹುಟ್ಟಿನಿಂದಲೇ ದೇವರ ಮಗ ಅಲ್ಲ, ಪಟ್ಟಕ್ಕೆ ಬಂದ ದಿನ ಮಗ. ಇನ್ನೊಂದು ಕಡೆ, ಸೌಲನ ನಂತರ ಬಂದ ಅರಸ ದಾವೀದನ ಮಗನ ಬಗ್ಗೆ ಪ್ರವಾದಿ ನಾತಾನನ ಬಾಯಲ್ಲಿ ದೇವರೇ ಹೇಳುತ್ತಾನೆ: ನಾನು ಅಪ್ಪ, ಅವನು ಮಗ, ತಪ್ಪು ಮಾಡಿದರೆ ಕೋಲು ತೆಗೆದುಕೊಂಡು ಬಾರಿಸುತ್ತೇನೆ. ಮಗ ಅನ್ನಿಸಿಕೊಂಡದ್ದಕ್ಕೆ ಏಟೂ ಉಂಟು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾನೂನಿನಲ್ಲಿದೆ. ಬಾಬಿಲೋನಿನ ಹಮ್ಮುರಾಬಿಯ ಕಲ್ಲು ನೆನಪಿಸಿಕೊಳ್ಳಿ, ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಮೇಲೆ ಸೂರ್ಯದೇವನ ಎದುರು ಅರಸ ನಿಂತಿದ್ದಾನೆ, ಕೆಳಗೆ ಕಾನೂನುಗಳು, ಅವನ್ನು ಕೊಟ್ಟವನು ನಾನು ಅಂತ ಅರಸನೇ ಹೇಳಿಕೊಳ್ಳುತ್ತಾನೆ. ಜನರನ್ನು ಈಜಿಪ್ಟಿನಿಂದ ಬಿಡಿಸಿ ತಂದ ಮೋಶೆಯ ಐದು ಪುಸ್ತಕಗಳಲ್ಲಿ ಅರಸನ ಹೆಸರಲ್ಲಿ ಒಂದೇ ಒಂದು ಕಾನೂನು ಇಲ್ಲ. ಹೆಚ್ಚಿನವು ಸೀನಾಯಿ ಬೆಟ್ಟದಿಂದ ಮೋಶೆಯ ಮೂಲಕ ಬಂದವು. ಅಂದರೆ ಕಥೆಯ ಪ್ರಕಾರ ಅರಸ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಕಾನೂನು ಹುಟ್ಟಿತ್ತು. ಅರಸನಿಗೆ ಅದರಲ್ಲಿ ಅಲ್ಪವಿರಾಮ ಬದಲಿಸುವ ಅಧಿಕಾರವೂ ಇಲ್ಲ.

ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿ ಅರಸನಿಗೇ ಒಂದು ಕಾನೂನಿದೆ. ಜಾಸ್ತಿ ಕುದುರೆ ಇಟ್ಟುಕೊಳ್ಳಬೇಡ. ಜಾಸ್ತಿ ಹೆಂಡಿರನ್ನು ಕಟ್ಟಿಕೊಳ್ಳಬೇಡ. ಬೆಳ್ಳಿ ಬಂಗಾರ ಗುಡ್ಡೆ ಹಾಕಬೇಡ. ಸಿಂಹಾಸನದ ಮೇಲೆ ಕೂತಾಗ ಈ ನಿಯಮಗಳ ಪ್ರತಿ ಮಾಡಿಕೊಂಡು, ಬದುಕಿರುವಷ್ಟು ದಿನ ಓದು. ಯುದ್ಧ ಗೆಲ್ಲು, ಕೋಟೆ ಕಟ್ಟು, ಕಪ್ಪ ವಸೂಲಿ ಮಾಡು ಅಂತ ಒಂದು ಮಾತೂ ಇಲ್ಲ. ಈಗ ದಾವೀದನ ಮಗ ಸೊಲೊಮೋನ ಅರಸನ ಲೆಕ್ಕ ನೋಡಿ: ರಥ 1,400, ಸವಾರರು 12,000, ಹೆಂಡತಿಯರು 700, ಉಪಪತ್ನಿಯರು 300, ವರ್ಷಕ್ಕೆ ಬರುತ್ತಿದ್ದ ಬಂಗಾರ 666 ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ). ಕುದುರೆ ಬಂದದ್ದು ಈಜಿಪ್ಟಿನಿಂದ. ಆ ನಿಯಮ ಬರೆದವರು ಸೊಲೊಮೋನನನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದರು ಅಂತ ಅನುಮಾನ ಬಂದರೆ ನೀವು ಒಬ್ಬರೇ ಅಲ್ಲ.

ಪ್ರಶ್ನೆ (ನೆಲಮಂಗಲದ ಹತ್ತಿರದ ರೈತ ಓದುಗರು): ಅಹಾಬ ಅರಸ ನಾಬೋತನ ದ್ರಾಕ್ಷಿ ತೋಟ ಕೇಳಿದ ಕಥೆ ಓದಿದೆ. ಬೇರೆ ಒಳ್ಳೆ ತೋಟ ಕೊಡುತ್ತೇನೆ, ಇಲ್ಲ ದುಡ್ಡು ಕೊಡುತ್ತೇನೆ ಅಂದಿದ್ದ. ಅನ್ಯಾಯದ ಮಾತೇನೂ ಅಲ್ಲ. ನಾಬೋತ ಅಷ್ಟು ಹಠ ಮಾಡಿದ್ದು ಯಾಕೆ?

ಉತ್ತರ: ನಿಮಗೇ ಉತ್ತರ ಗೊತ್ತಿರುತ್ತದೆ, ನನ್ನ ಬಾಯಿಂದ ಹೇಳಿಸುತ್ತಿದ್ದೀರಿ. ಪಿತ್ರಾರ್ಜಿತ ಅದು. ನಮ್ಮ ಹಿರಿಯರ ಆಸ್ತಿಯನ್ನು ನಿನಗೆ ಕೊಡುವುದೇ, ದೇವರೇ ಬೇಡ ಅಂದಾನು ಅನ್ನುತ್ತಾನೆ ನಾಬೋತ. ಇದು ಬರೀ ಮಮತೆಯ ಮಾತಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ, ನೆಲವನ್ನು ಶಾಶ್ವತವಾಗಿ ಮಾರಬೇಡಿ, ನೆಲ ನನ್ನದು, ನೀವು ನನ್ನ ಒಕ್ಕಲುಗಳು ಅಂತ ಯೆಹೋವ ಹೇಳುತ್ತಾನೆ. ಕಷ್ಟಕ್ಕೆ ಮಾರಿದರೂ 50ನೇ ವರ್ಷ ಮನೆತನಕ್ಕೆ ವಾಪಸ್ಸು ಬರಬೇಕು. ಆ ನಿಯಮ ಎಷ್ಟು ನಡೆಯುತ್ತಿತ್ತೋ ಅದು ಬೇರೆ ಮಾತು, ಆದರೆ ನಾಬೋತ ನಿಂತ ನೆಲಗಟ್ಟು ಅದೇ.

ಈ ಕಥೆಯನ್ನು ನಿಧಾನವಾಗಿ ಓದಿ. ಇಜ್ರೇಲಿನಲ್ಲಿ ಅರಮನೆಗೆ ಅಂಟಿಕೊಂಡಂತೆ ಈ ತೋಟ. ಅರಸನಿಗೆ ಬೇಕಾದದ್ದು ಯಾವುದಕ್ಕೆ ಗೊತ್ತಾ? ಕಾಯಿಪಲ್ಯ ಬೆಳೆಯೋಕೆ! ನಾಬೋತ ಆಗಲ್ಲ ಅಂದದ್ದಕ್ಕೆ ಅಹಾಬ ಮನೆಗೆ ಹೋಗಿ, ಹಾಸಿಗೆ ಮೇಲೆ ಬಿದ್ದು, ಮುಖ ಆ ಕಡೆ ತಿರುಗಿಸಿಕೊಂಡು ಊಟ ಬಿಡುತ್ತಾನೆ. ಗಮನಿಸಿ, ಅವನು ಕಿತ್ತುಕೊಳ್ಳಲಿಲ್ಲ. ತನ್ನ ಮೇಲೆ ಏನೋ ಒಂದು ಇದೆ ಅಂತ ಅವನಿಗೆ ಗೊತ್ತು. ಗೊತ್ತಿಲ್ಲದ್ದು ಹೆಂಡತಿ ಈಜೆಬೆಲಳಿಗೆ. ಸೀದೋನಿನ ಅರಸನ ಮಗಳು, ಅವಳ ತವರಲ್ಲಿ ಅರಸ ಕೇಳಿದರೆ ಮುಗೀತು. ಇಸ್ರಾಯೇಲನ್ನು ಆಳುವವನು ನೀನೋ ಅಲ್ಲವೋ, ಎದ್ದು ಊಟ ಮಾಡು, ತೋಟ ನಾನು ಕೊಡಿಸುತ್ತೇನೆ ಅನ್ನುತ್ತಾಳೆ.

ಮುಂದೆ ಅವಳು ಮಾಡಿದ ಕೆಲಸ ನೋಡಿದರೆ ಮೈ ಉರಿಯುತ್ತದೆ. ಅರಸನ ಹೆಸರಲ್ಲಿ ಕಾಗದ ಬರೆದು, ಅರಸನ ಮುದ್ರೆ ಒತ್ತಿ, ಊರ ಹಿರಿಯರಿಗೆ ಕಳಿಸುತ್ತಾಳೆ. ಉಪವಾಸ ಸಾರಿ, ನಾಬೋತನನ್ನು ಮುಂದೆ ಕೂರಿಸಿ, ಎದುರಿಗೆ ಇಬ್ಬರು ಪೋಲಿಗಳನ್ನು ಕೂರಿಸಿ ದೇವರನ್ನೂ ಅರಸನನ್ನೂ ಬೈದ ಅಂತ ಸಾಕ್ಷಿ ಹೇಳಿಸಿ. ಇಬ್ಬರು ಯಾಕೆ? ಮರಣದಂಡನೆಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು ಅಂತ ಮೋಶೆಯ ಕಾನೂನಿದೆ. ಕಾಗದಪತ್ರ ಎಲ್ಲ ಸರಿ ಇತ್ತು. ಒಂದು ಸಹಿಯೂ ತಪ್ಪಲಿಲ್ಲ, ಹಿರಿಯರಲ್ಲಿ ಒಬ್ಬನೂ ಚಕಾರ ಎತ್ತಲಿಲ್ಲ, ಊರಾಚೆ ಕರೆದುಕೊಂಡು ಹೋಗಿ ಕಲ್ಲು ಹೊಡೆದು ಕೊಂದರು. ಅಹಾಬ ತೋಟಕ್ಕೆ ಇಳಿದಾಗ ಅಲ್ಲಿ ಎಲೀಯ ಪ್ರವಾದಿ ನಿಂತಿದ್ದಾನೆ: ಕೊಂದೂ ಕೊಂದೆ, ದಕ್ಕಿಸಿಕೊಂಡೂ ಬಿಟ್ಟೆಯಾ?

ಇತಿಹಾಸದಲ್ಲಿ ಈ ಅಹಾಬ ಸಣ್ಣ ಆಳಲ್ಲ. ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಸ್ಸೀರಿಯದ ಚಕ್ರವರ್ತಿ ಮೂರನೇ ಶಲ್ಮನೇಸರನನ್ನು ಎದುರಿಸಿದ ಒಕ್ಕೂಟದಲ್ಲಿ ಇವನೂ ಇದ್ದ. ಅಹಾಬ 2,000 ರಥ, 10,000 ಕಾಲಾಳು ತಂದಿದ್ದ ಅಂತ ಆ ಚಕ್ರವರ್ತಿಯೇ ಕೆತ್ತಿಸಿದ ಕಲ್ಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಷ್ಟು ದೊಡ್ಡ ಯುದ್ಧದ ಬಗ್ಗೆ ಅರಸುಗಳ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಕಾಯಿಪಲ್ಯದ ತೋಟಕ್ಕೆ ಪೂರ್ತಿ ಒಂದು ಅಧ್ಯಾಯ ಇದೆ. ಈ ಗ್ರಂಥಗಳು ಅರಸರನ್ನು ಯಾವ ತಕ್ಕಡಿಯಲ್ಲಿ ತೂಗುತ್ತವೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನಗೆ ಬೇಕಿಲ್ಲ.

ಪ್ರಶ್ನೆ (ಬೆಂಗಳೂರಿನಿಂದ, ವಕೀಲರು): ಒಡಂಬಡಿಕೆ ಅಂದರೆ ಕರಾರು ತಾನೇ? ಕರಾರಿಗೆ ಎರಡು ಕಡೆಯವರು ಸಮಾನರಿರಬೇಕು. ದೇವರ ಜೊತೆ ಎಂಥ ಕರಾರು?

ಉತ್ತರ: ಸಮಾನರ ಕರಾರಲ್ಲ ಸ್ವಾಮಿ. ಚಕ್ರವರ್ತಿಗೂ ಸಾಮಂತನಿಗೂ ಆಗುವಂಥದ್ದು. ಕ್ರಿ.ಪೂ. 14-13ನೇ ಶತಮಾನದ ಈಗಿನ ಟರ್ಕಿಯಲ್ಲಿ ಆಳಿದ ಹಿಟ್ಟೈಟ್ ಚಕ್ರವರ್ತಿಗಳ ಇಂಥ ಒಪ್ಪಂದಗಳು ಜೇಡಿಮಣ್ಣಿನ ಫಲಕಗಳಲ್ಲಿ ಸಿಕ್ಕಿವೆ. ಅವಕ್ಕೊಂದು ಸಾಮಾನ್ಯ ಕ್ರಮ ಇದೆ. ನಾನು ಇಂಥ ಮಹಾರಾಜ, ನಿನಗೆ ಇಂತಿಂಥ ಉಪಕಾರ ಮಾಡಿದ್ದೇನೆ, ಆದ್ದರಿಂದ ನೀನು ಹೀಗೆ ನಡೆದುಕೊಳ್ಳಬೇಕು, ಪ್ರತಿಯನ್ನು ಗುಡಿಯಲ್ಲಿಡು, ಆಗಾಗ ಓದಿಸು, ಸಾಕ್ಷಿಗೆ ದೇವತೆಗಳು, ನಡೆದರೆ ಆಶೀರ್ವಾದ, ತಪ್ಪಿದರೆ ಶಾಪ. ಈಗ ವಿಮೋಚನಕಾಂಡದ ಹತ್ತು ಆಜ್ಞೆಗಳ ಮೊದಲ ಸಾಲು ಓದಿ. ನಾನು ನಿನ್ನ ದೇವರಾದ ಯೆಹೋವ, ನಿನ್ನನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿದವನು. ಅದಾದ ಮೇಲೆ ಷರತ್ತುಗಳು. ಬರೆದ ಕಲ್ಲುಗಳು ಹೋದದ್ದು ಮಂಜೂಷ ಎಂಬ ಪವಿತ್ರ ಪೆಟ್ಟಿಗೆಯೊಳಗೆ.

ಅಸ್ಸೀರಿಯದ ನಂಟು ಇನ್ನೂ ಹತ್ತಿರದ್ದು. ಚಕ್ರವರ್ತಿ ಏಸರ್ಹದ್ದೋನ ಕ್ರಿ.ಪೂ. 672ರಲ್ಲಿ, ನನ್ನ ಮಗ ಅಶ್ಶೂರ್‌ಬನಿಪಾಲನಿಗೆ ನಿಷ್ಠರಾಗಿರಿ ಅಂತ ಅಧೀನದವರಿಂದೆಲ್ಲ ಪ್ರಮಾಣ ಮಾಡಿಸಿದ. ತಪ್ಪಿದರೆ ನಿಮ್ಮ ನೆಲ ಕಬ್ಬಿಣವಾಗಲಿ, ಕಂಚಿನ ಆಕಾಶದಿಂದ ಮಳೆ ಬೀಳದ ಹಾಗೆ ನಿಮ್ಮ ಮೇಲೂ ಬೀಳದಿರಲಿ ಅಂತ ಅದರಲ್ಲಿ ಶಾಪ ಇದೆ. ಧರ್ಮೋಪದೇಶಕಾಂಡದ 28ನೇ ಅಧ್ಯಾಯದಲ್ಲೂ ತಲೆ ಮೇಲೆ ತಾಮ್ರದ ಆಕಾಶ, ಕಾಲ ಕೆಳಗೆ ಕಬ್ಬಿಣದ ನೆಲ! ಆ ಪ್ರಮಾಣದ ಒಂದು ಪ್ರತಿ 2009ರಲ್ಲಿ ಟರ್ಕಿಯ ಟೆಲ್ ತಾಯಿನಾತ್‌ನಲ್ಲಿ ಒಂದು ಗುಡಿಯೊಳಗೇ ಸಿಕ್ಕಿತು. ಅಂದರೆ ಅಸ್ಸೀರಿಯದ ಚಕ್ರವರ್ತಿ ಕೇಳುತ್ತಿದ್ದ ನಿಷ್ಠೆಯನ್ನು ಈ ಜನ ಎತ್ತಿ ತಮ್ಮ ದೇವರಿಗೆ ಕೊಟ್ಟರು. ಮಹಾರಾಜನ ಜಾಗದಲ್ಲಿ ಯೆಹೋವ ಕೂತ. ಸಾಮಂತನ ಜಾಗದಲ್ಲಿ ಅರಸ ಇರಬೇಕಿತ್ತು, ಅಲ್ಲಿ ಕೂತದ್ದು ಇಡೀ ಜನ. ಸೀನಾಯಿಯಲ್ಲಿ ಮೋಶೆ ಬಲಿಯ ರಕ್ತ ಅರ್ಧ ಬಲಿಪೀಠಕ್ಕೆ, ಅರ್ಧ ಜನರ ಮೇಲೆ ಚಿಮುಕಿಸುತ್ತಾನೆ.

ಮುರಿದರೆ ಏನು ಅಂತ ಕೇಳುತ್ತೀರಿ, ವಕೀಲರಲ್ವಾ. ಯೆರೆಮೀಯನ ಪುಸ್ತಕದ 34ನೇ ಅಧ್ಯಾಯ ನೋಡಿ. ಯೆರೂಸಲೇಮಿಗೆ ಬಾಬಿಲೋನಿನವರ ಮುತ್ತಿಗೆ ಬಿದ್ದಾಗ ಚಿದ್ಕೀಯ ಅರಸ ಮತ್ತು ಶ್ರೀಮಂತರು ಒಂದು ಕರುವನ್ನು ಎರಡು ಹೋಳು ಮಾಡಿ, ನಡುವೆ ಹಾದುಹೋಗಿ, ನಮ್ಮ ಹೀಬ್ರೂ ಗುಲಾಮರನ್ನೆಲ್ಲ ಬಿಡುತ್ತೇವೆ ಅಂತ ಪ್ರಮಾಣ ಮಾಡಿದರು. ಬಿಟ್ಟರು ಕೂಡ. ಆಮೇಲೆ ಶತ್ರು ಸ್ವಲ್ಪ ದಿನ ಹಿಂದೆ ಸರಿದ, ಇವರು ಬಿಟ್ಟವರನ್ನೇ ಮತ್ತೆ ಹಿಡಿದು ತಂದರು. ನಿಮ್ಮನ್ನು ಆ ಕರುವಿನ ಹಾಗೆ ಮಾಡುತ್ತೇನೆ ಅಂತ ಬಂತು ದೇವರ ಮಾತು.

ದಾವೀದನ ಜೊತೆಗಿನ ಒಡಂಬಡಿಕೆ ಮಾತ್ರ ಬೇರೆ ಥರ. ನಿನ್ನ ಮನೆತನ, ನಿನ್ನ ಸಿಂಹಾಸನ ಎಂದೆಂದಿಗೂ ಅಂತ ಎರಡನೇ ಸಮುವೇಲನ 7ನೇ ಅಧ್ಯಾಯದಲ್ಲಿ ಷರತ್ತೇ ಇಲ್ಲದೆ ಮಾತು ಕೊಡಲಾಗಿದೆ. 132ನೇ ಕೀರ್ತನೆಗೆ ಬಂದರೆ, ನಿನ್ನ ಮಕ್ಕಳು ನನ್ನ ಒಡಂಬಡಿಕೆ ಕಾಪಾಡಿಕೊಂಡರೆ ಅಂತ ಒಂದು ‘ರೆ’ ಸೇರಿಕೊಂಡಿದೆ. ಈ ಎರಡರ ನಡುವೆ ಆಮೇಲೆ ನೂರಾರು ವರ್ಷ ಜಗ್ಗಾಟ ನಡೆದಿದೆ.

ಪ್ರಶ್ನೆ (ಕುವೈತ್‌ನಿಂದ): ಸೀನಾಯಿ ಬೆಟ್ಟ ಎಲ್ಲಿದೆ? ಹೋಗಿ ನೋಡಬಹುದಾ?

ಉತ್ತರ: ಈಜಿಪ್ಟಿನ ಸೀನಾಯಿ ಪರ್ಯಾಯದ್ವೀಪದಲ್ಲಿ ಜೆಬೆಲ್ ಮೂಸಾ ಅಂತ 2,285 ಮೀಟರ್ ಎತ್ತರದ ಬೆಟ್ಟ ಇದೆ. ಬುಡದಲ್ಲಿ 6ನೇ ಶತಮಾನದಲ್ಲಿ ಕಟ್ಟಿದ ಸಂತ ಕ್ಯಾಥರೀನಳ ಮಠ. ಜನ ಹತ್ತುವುದು ಅದನ್ನೇ. ಅದೇ ಮೋಶೆ ಹತ್ತಿದ ಬೆಟ್ಟ ಅಂತ ಗಟ್ಟಿ ಆಧಾರ ಏನಿಲ್ಲ, ಬೇರೆ ಬೆಟ್ಟಗಳ ಹೆಸರೂ ಓಡಾಡುತ್ತವೆ. ಆಶ್ಚರ್ಯ ಅಂದರೆ, ಒಡಂಬಡಿಕೆ ಆದ ಆ ಜಾಗಕ್ಕೆ ಯಾತ್ರೆ ಮಾಡಿ ಅಂತ ಹೀಬ್ರೂ ಗ್ರಂಥದಲ್ಲಿ ಎಲ್ಲೂ ಹೇಳಿಲ್ಲ. ಅದು ಯಾವ ಅರಸನ ಸೀಮೆಗೂ ಸೇರಿದ್ದಲ್ಲ. ಆಮೇಲೆ ಅಲ್ಲಿಗೆ ಹೋದದ್ದು ಎಲೀಯ ಒಬ್ಬನೇ, ಅದೂ ಈಜೆಬೆಲಳಿಗೆ ಹೆದರಿ ಓಡಿ.

ಪ್ರಶ್ನೆ (ಮಂಗಳೂರಿನಿಂದ): ಮೋಶೆಯ ಕಾಲದಲ್ಲಿ ದೇವರು ಗುಡಾರದಲ್ಲಿ ಜನರ ಜೊತೆ ಓಡಾಡುತ್ತಿದ್ದ. ಅಂಥ ದೇವರಿಗೆ ಯೆರೂಸಲೇಮಿನಂಥ ಒಂದೇ ಜಾಗ ಯಾಕೆ? ಅದೂ ಅವರದಲ್ಲದ ಊರು.

ಉತ್ತರ: ಅವರದಲ್ಲ ಅನ್ನೋದೇ ಅದರ ಗುಣ. ದಾವೀದ ಮೊದಲ ಏಳೂವರೆ ವರ್ಷ ಆಳಿದ್ದು ಹೆಬ್ರೋನಿನಿಂದ, ಅದು ಯೆಹೂದ ಕುಲದ ಊರು. ಉತ್ತರದ ಕುಲಗಳೂ ಅವನನ್ನು ಒಪ್ಪಿಕೊಂಡ ಮೇಲೆ ಯಾರ ಊರೂ ಅಲ್ಲದ ಊರು ಬೇಕಾಯಿತು. ಯೆರೂಸಲೇಮ್ ಯೆಬೂಸಿಯರು ಎಂಬ ಬೇರೆ ಜನರ ಕೈಯಲ್ಲಿತ್ತು, ಎರಡೂ ಕಡೆಯವರ ಗಡಿಯಲ್ಲಿತ್ತು. ದಾವೀದ ಪಕ್ಕಾ ರಾಜಕಾರಣಿ. ಅಲ್ಲಿಂದ 33 ವರ್ಷ ಆಳಿದ.

ಆದರೆ ಅರಮನೆ ಕಟ್ಟಿದ ಮಾತ್ರಕ್ಕೆ ಊರು ಪವಿತ್ರ ಆಗುತ್ತದಾ? ಅದಕ್ಕೇ ಮಂಜೂಷ ತರಲು ಹೊರಟ. ಅದು ಎಷ್ಟೋ ವರ್ಷದಿಂದ ಕಿರ್ಯತ್ಯಾರೀಮಿನಲ್ಲಿ ಒಬ್ಬರ ಮನೆಯಲ್ಲಿತ್ತು. ಹೊಸ ಬಂಡಿ, ತಾಳ, ತಂತಿವಾದ್ಯ, ಭಾರೀ ಮೆರವಣಿಗೆ. ದಾರಿಯಲ್ಲಿ ಎತ್ತು ಮುಗ್ಗರಿಸಿತು. ಬೀಳುತ್ತದಲ್ಲ ಅಂತ ಉಜ್ಜ ಕೈ ಕೊಟ್ಟ, ಅಲ್ಲೇ ಸತ್ತ. ಪಾಪ, ಅವನದೇನು ತಪ್ಪು ಅಂತ ಎಲ್ಲರಿಗೂ ಅನಿಸುತ್ತದೆ, ದಾವೀದನಿಗೂ ಸಿಟ್ಟು ಬಂತು ಅಂತಲೇ ಬರೆದಿದೆ. ಸಿಟ್ಟಿನ ಹಿಂದೆ ಭಯ. ಈ ಪೆಟ್ಟಿಗೆಯನ್ನು ನಾನು ಹೇಗೆ ಇಟ್ಟುಕೊಳ್ಳಲಿ ಅಂತ ದಾರಿಯಲ್ಲೇ ಓಬೇದೆದೋಮ ಎಂಬವನ ಮನೆಯಲ್ಲಿ ಬಿಟ್ಟು ಬಂದ. ಮೂರು ತಿಂಗಳಲ್ಲಿ ಆ ಮನೆ ಏಳಿಗೆ ಆಯಿತು ಅಂತ ಸುದ್ದಿ ಬಂದ ಮೇಲೆ ಮತ್ತೆ ಹೋದ. ಈ ಸಲ ಬಂಡಿ ಇಲ್ಲ, ಹೊತ್ತುಕೊಂಡೇ ಬಂದರು, ಆರು ಹೆಜ್ಜೆ ಇಟ್ಟ ಕೂಡಲೇ ಬಲಿ. ನಾರಿನ ಒಂದು ತುಂಡು ಬಟ್ಟೆ ಸುತ್ತಿಕೊಂಡು ಅರಸ ಬೀದಿಯಲ್ಲಿ ಕುಣಿದ. ಸೌಲನ ಮಗಳು ಮೀಕಲ್, ದಾವೀದನ ಹೆಂಡತಿ, ಕಿಟಕಿಯಿಂದ ನೋಡಿ ಮೂಗು ಮುರಿದಳು.

ಪೆಟ್ಟಿಗೆ ಊರೊಳಗೆ ಬಂತು, ಆದರೆ ಗುಡಿಯ ಜಾಗ ಇನ್ನೂ ಗೊತ್ತಾಗಿರಲಿಲ್ಲ. ಅದು ಗೊತ್ತಾದದ್ದು ಒಂದು ಕಣದಲ್ಲಿ. ದಾವೀದ ಜನಗಣತಿ ಮಾಡಿಸಿದ್ದಕ್ಕೆ ದೇವರ ಕೋಪ ಬಂದು ನಾಡಿಗೆ ಪಿಡುಗು ಬಿತ್ತು. ಅದು ನಿಂತದ್ದು ಯೆಬೂಸಿಯನಾದ ಅರೌನನ ಕಣದ ಹತ್ತಿರ, ಗಾಳಿ ಚೆನ್ನಾಗಿ ಬೀಸುವ ಎತ್ತರದಲ್ಲಿ. ಅರಸ ಬಂದದ್ದು ನೋಡಿ ಅರೌನ ಅಡ್ಡಬಿದ್ದ. ಕಣ ತಗೊಳ್ಳಿ, ಬಲಿಗೆ ಎತ್ತು ತಗೊಳ್ಳಿ, ಸೌದೆಗೆ ಈ ಒಕ್ಕುವ ಹಲಗೆ, ನೊಗ ಎಲ್ಲ ತಗೊಳ್ಳಿ ಅಂದ. ದಾವೀದ ಒಪ್ಪಲಿಲ್ಲ. ನಾನು ಏನೂ ಕೊಡದೆ ಬಿಟ್ಟಿ ಸಿಕ್ಕಿದ್ದನ್ನು ದೇವರಿಗೆ ಅರ್ಪಿಸಲ್ಲ ಅಂತ 50 ಶೆಕೆಲ್ ಬೆಳ್ಳಿ ಎಣಿಸಿ ಕೊಟ್ಟ. (ಪೂರ್ವಕಾಲವೃತ್ತಾಂತ ಎಂಬ ಇನ್ನೊಂದು ಪುಸ್ತಕದಲ್ಲಿ ಅದೇ 600 ಶೆಕೆಲ್ ಬಂಗಾರ ಆಗಿದೆ. ಗುಡಿ ದೊಡ್ಡದಾದ ಹಾಗೆ ಜಾಗದ ರೇಟೂ ಏರಿತು ಅಂದುಕೊಳ್ಳಿ.) ಸೋತ ಊರಿನ ಪರಕುಲದ ಒಬ್ಬ ರೈತನಿಂದ ದುಡ್ಡು ಕೊಟ್ಟು ಕೊಂಡ ಕಣ ಅದು.

ಗುಡಿ ಕಟ್ಟುವ ಯೋಗ ಮಾತ್ರ ದಾವೀದನಿಗೆ ಸಿಗಲಿಲ್ಲ. ನಾನು ಇವತ್ತಿನವರೆಗೆ ಗುಡಾರದಲ್ಲೇ ಓಡಾಡಿಕೊಂಡಿದ್ದೇನೆ, ನನಗೆ ದೇವದಾರು ಮರದ ಮನೆ ಕಟ್ಟಿ ಅಂತ ಯಾರನ್ನಾದರೂ ಕೇಳಿದ್ದೆನಾ ಅನ್ನುತ್ತಾನೆ ಯೆಹೋವ. ಕಟ್ಟಿದವನು ಮಗ ಸೊಲೊಮೋನ. ಉದ್ದ 60 ಮೊಳ, ಅಗಲ 20, ಎತ್ತರ 30. ನಮ್ಮ ಎಷ್ಟೋ ಕಲ್ಯಾಣ ಮಂಟಪಗಳು ಇದಕ್ಕಿಂತ ದೊಡ್ಡವು. ಅದಕ್ಕೆ ಹಿಡಿದದ್ದು ಏಳು ವರ್ಷ, ಅವನ ಅರಮನೆಗೆ ಹದಿಮೂರು. ಈ ಎರಡು ಲೆಕ್ಕವನ್ನು ಪುಸ್ತಕದಲ್ಲಿ ಒಂದರ ಪಕ್ಕ ಒಂದು ಬರೆದು ಸುಮ್ನೆ ಬಿಟ್ಟಿದ್ದಾರೆ, ಟೀಕೆ ಟಿಪ್ಪಣಿ ಏನಿಲ್ಲ.

ತೀರಾ ಒಳಗಿನ ಕೋಣೆ, ಮಹಾಪರಿಶುದ್ಧ ಸ್ಥಳ, 20 ಮೊಳದ ಕತ್ತಲೆಯ ಚೌಕ. ಅಲ್ಲಿ ದೇವರ ಮೂರ್ತಿ ಇಲ್ಲ. ರೆಕ್ಕೆ ಚಾಚಿದ ಎರಡು ಕೆರೂಬಿಗಳ (ದೇವಲೋಕದ ಜೀವಿಗಳ ಪ್ರತಿಮೆಗಳು) ಕೆಳಗೆ ಮಂಜೂಷ. ಅದರೊಳಗೆ ಮೋಶೆ ಇಟ್ಟ ಎರಡು ಕಲ್ಲಿನ ಹಲಗೆ ಬಿಟ್ಟರೆ ಏನೂ ಇರಲಿಲ್ಲ ಅಂತ ಖಡಾಖಂಡಿತವಾಗಿ ಬರೆದಿದೆ. ಮೇಲೆ ವಕೀಲರಿಗೆ ಹೇಳಿದೆನಲ್ಲ, ಒಪ್ಪಂದದ ಪ್ರತಿ ಗುಡಿಯಲ್ಲಿಡುವುದು, ಅದೇ ಇದು. ಮುಚ್ಚಳ ತೆಗೆದರೆ ಸಿಗುವುದು ಕರಾರಿನ ಕಾಗದ. ಸೊಲೊಮೋನನೂ ಗುಡಿ ಪ್ರತಿಷ್ಠೆಯ ದಿನ ಎಲ್ಲರ ಎದುರು, ಆಕಾಶ ಮಹಾಕಾಶವೇ ನಿನಗೆ ಸಾಲದು, ನಾನು ಕಟ್ಟಿದ ಈ ಮನೆ ಎಷ್ಟರದು ಅಂತ ಪ್ರಾರ್ಥಿಸುತ್ತಾನೆ.

ಈ ವೈಭವದ ಬಿಲ್ಲು ಬಂದದ್ದು ಅವನ ಮಗನ ಕಾಲಕ್ಕೆ. ಲೆಬನೋನಿನಿಂದ ಮರ ತರಲು 30,000 ಜನರನ್ನು ತಿಂಗಳಿಗೆ 10,000ದಂತೆ ಬಿಟ್ಟಿ ಚಾಕರಿಗೆ ಕಳಿಸಿದ್ದರು. ಶೆಕೆಮಿನಲ್ಲಿ ಉತ್ತರದ ಕುಲಗಳು ಹೊಸ ಅರಸ ರೆಹಬ್ಬಾಮನಿಗೆ, ನೊಗ ಸ್ವಲ್ಪ ಹಗುರ ಮಾಡು, ನಿನ್ನನ್ನು ಒಪ್ಪಿಕೊಳ್ಳುತ್ತೇವೆ ಅಂದವು. ನನ್ನಪ್ಪ ಚಾವಟಿಯಿಂದ ಹೊಡೆದ, ನಾನು ಚೇಳುಗಳಿಂದ ಹೊಡೆಯುತ್ತೇನೆ ಅಂದ ಆಸಾಮಿ. ಕ್ರಿ.ಪೂ. 930ರ ಸುಮಾರಿಗೆ ರಾಜ್ಯ ಎರಡಾಯಿತು. ಉತ್ತರದ ಅರಸ ಯಾರೊಬ್ಬಾಮನಿಗೆ ಒಂದು ಚಿಂತೆ: ಜನ ಹಬ್ಬಕ್ಕೆ ಯೆರೂಸಲೇಮಿಗೆ ಹೋಗುತ್ತಿದ್ದರೆ ನನ್ನ ಕೈ ತಪ್ಪಿ ಹೋಗುತ್ತಾರೆ. ಅದಕ್ಕೆ ದಕ್ಷಿಣದ ಅಂಚಿನ ಬೇತೇಲಿನಲ್ಲಿ ಒಂದು, ಉತ್ತರದ ತುದಿಯ ದಾನಿನಲ್ಲಿ ಒಂದು ಚಿನ್ನದ ಬಸವ ಇಟ್ಟ. ಬೇತೇಲ್ ಏನು ಕಡಿಮೆಯಾ, ಯಾಕೋಬ ಕಲ್ಲು ತಲೆದಿಂಬು ಮಾಡಿಕೊಂಡು ಮಲಗಿ ಆಕಾಶಕ್ಕೆ ಏಣಿ ಕಂಡ ಜಾಗ. ಮುಂದೊಂದು ದಿನ ಅಲ್ಲಿಗೆ ಕುರಿ ಕಾಯುವ ಆಮೋಸ ಬಂದು ಅನ್ಯಾಯದ ಬಗ್ಗೆ ಮಾತಾಡಿದಾಗ ಪೂಜಾರಿ ಅಮಚ್ಯ, ಇಲ್ಲಿಂದ ಹೊರಡು, ಇದು ಅರಸನ ಗುಡಿ ಅಂದುಬಿಟ್ಟ. ಯೆಹೋವನದು ಅನ್ನಲಿಲ್ಲ, ಅರಸನದು ಅಂದ. ಬಾಯಿ ತಪ್ಪಿ ನಿಜ ಹೇಳಿದ್ದಾನೆ.

ಒಂದೇ ಜಾಗ ಅನ್ನುವ ನಿಯಮ ಮೊದಲಿನಿಂದ ಇರಲಿಲ್ಲ ಅಂತ ನೆಲವೂ ಹೇಳುತ್ತದೆ. ಯೆಹೂದದ ದಕ್ಷಿಣದ ಅರಾದ್ ಕೋಟೆಯಲ್ಲಿ ಒಂದು ಪೂರ್ತಿ ಗುಡಿ ಸಿಕ್ಕಿದೆ. ಅದರ ಎರಡು ಧೂಪಪೀಠಗಳ ಮೇಲೆ ಅಂಟಿದ್ದ ಕರಿಯನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು, ಒಂದರಲ್ಲಿ ಧೂಪದ ಅಂಟು, ಇನ್ನೊಂದರಲ್ಲಿ ಗಾಂಜಾ! ಇಂಥ ಸ್ಥಳಗಳನ್ನೆಲ್ಲ ಮುಚ್ಚಿಸಿ ಯೆರೂಸಲೇಮ್ ಒಂದನ್ನೇ ಉಳಿಸಿದವನು ಯೋಷೀಯ ಅರಸ, ಕ್ರಿ.ಪೂ. 622ರಲ್ಲಿ, ಗುಡಿ ರಿಪೇರಿ ಮಾಡುವಾಗ ಒಂದು ಒಡಂಬಡಿಕೆಯ ಪುಸ್ತಕ ಸಿಕ್ಕಿತು ಅಂತ. ಆ ಪುಸ್ತಕದ ಮಾತುಗಳ ಬಗ್ಗೆ ದೇವರನ್ನು ಕೇಳಲು ಅರಸನ ಕಡೆಯವರು ಹೋದದ್ದು ಹುಲ್ದಾ ಎಂಬ ಪ್ರವಾದಿನಿಯ ಮನೆಗೆ.

ಪ್ರಶ್ನೆ (ಧಾರವಾಡದಿಂದ): ದಾವೀದ ನಿಜವಾಗಿ ಇದ್ದನೇ?

ಉತ್ತರ: 1993ರಲ್ಲಿ ಇಸ್ರೇಲಿನ ಉತ್ತರದ ಟೆಲ್ ದಾನ್‌ನಲ್ಲಿ ಒಡೆದ ಶಾಸನ ಸಿಕ್ಕಿತು. ಕ್ರಿ.ಪೂ. 9ನೇ ಶತಮಾನದ್ದು, ಅರಾಮಿಕ್ ಭಾಷೆ, ಬರೆಸಿದವನು ಶತ್ರು ಅರಸ. ‘ದಾವೀದನ ಮನೆತನ’ದ ಅರಸನನ್ನು ಕೊಂದೆ ಅಂತ ಕೊಚ್ಚಿಕೊಂಡಿದ್ದಾನೆ ಅಂತ ಹೆಚ್ಚಿನವರು ಓದುತ್ತಾರೆ. ಮನೆತನ ಇತ್ತು ಅಂದ ಮೇಲೆ ಮೂಲಪುರುಷ ಒಬ್ಬ ಇದ್ದಿರಲೇಬೇಕು. ಅವನ ರಾಜ್ಯ ಎಷ್ಟು ದೊಡ್ಡದಿತ್ತು ಅನ್ನೋದರ ಮೇಲೆ ಜಗಳ ಇನ್ನೂ ಮುಗಿದಿಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ಬಾಬಿಲೋನಿನವರು ಊರು ಸುಟ್ಟರು, ಗುಡಿ ಕೆಡವಿದರು, ಅರಸನನ್ನು ಹಿಡಿದುಕೊಂಡು ಹೋದರು. ‘ಎಂದೆಂದಿಗೂ’ ಅಂದ ಮಾತು ಸುಳ್ಳಾಯಿತಲ್ಲ? ಅಲ್ಲಿಗೆ ಧರ್ಮ ಮುಗಿಯಬೇಕಿತ್ತು.

ಉತ್ತರ: ಇದೇ ಪ್ರಶ್ನೆಯನ್ನು ಅವರೂ ದೇವರ ಮುಖಕ್ಕೇ ಕೇಳಿದ್ದಾರೆ. 89ನೇ ಕೀರ್ತನೆ ಅರ್ಧದವರೆಗೆ ದಾವೀದನಿಗೆ ಕೊಟ್ಟ ಮಾತನ್ನು ಹೊಗಳಿ ಹೊಗಳಿ, ಇದ್ದಕ್ಕಿದ್ದ ಹಾಗೆ ತಿರುಗುತ್ತದೆ: ಆದರೆ ನೀನೇ ಅವನನ್ನು ತಳ್ಳಿಬಿಟ್ಟೆ, ಕಿರೀಟವನ್ನು ಮಣ್ಣಿಗೆ ಹಾಕಿದೆ. ಅದನ್ನು ಅಳಿಸದೆ ಪ್ರಾರ್ಥನೆಯ ಪುಸ್ತಕದಲ್ಲೇ ಉಳಿಸಿಕೊಂಡರು.

ಊರು ಬಿದ್ದದ್ದು ಕ್ರಿ.ಪೂ. 586ರಲ್ಲಿ. ಕೊನೆಯ ಅರಸ ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು, ಆಮೇಲೆ ಕಣ್ಣು ಕಿತ್ತರು. ಅದಕ್ಕೂ ಮೊದಲು, ಕ್ರಿ.ಪೂ. 597ರಲ್ಲೇ ಸೆರೆ ಹೋಗಿದ್ದ ಯೆಹೋಯಾಖೀನ ಎಂಬ ಇನ್ನೊಬ್ಬ ಅರಸನಿದ್ದ. ಬಾಬಿಲೋನಿನ ಅರಮನೆಯ ಪಡಿತರದ ಲೆಕ್ಕದ ಫಲಕಗಳು ಸಿಕ್ಕಿವೆ, ಅದರಲ್ಲಿ ಯೆಹೂದದ ಅರಸ ಅಂತ ಇವನ ಹೆಸರಿದೆ, ಜೊತೆಗೆ ಐದು ಗಂಡುಮಕ್ಕಳಿಗೂ ಎಣ್ಣೆ ಅಳೆದದ್ದು ಬರೆದಿದೆ. ಅರಸುಗಳ ಪುಸ್ತಕ ಮುಗಿಯುವುದೂ ಇವನ ಊಟದಲ್ಲೇ. ಸೆರೆಯಿಂದ ಬಿಟ್ಟು, ಬಟ್ಟೆ ಬದಲಿಸಿ, ಬಾಬಿಲೋನಿನ ಅರಸನ ಪಂಕ್ತಿಯಲ್ಲಿ ದಿನವೂ ಊಟ ಹಾಕಿದರು. ತಲೆಗೆ ಎಣ್ಣೆ ಹೊಯ್ಯಿಸಿಕೊಂಡು ಅರಸರಾಗುತ್ತಿದ್ದ ವಂಶ ಅದು.

ಧರ್ಮ ಯಾಕೆ ಮುಗಿಯಲಿಲ್ಲ ಅಂದರೆ, ನನಗೆ ಕಾಣುವ ಕಾರಣ ಇಷ್ಟು. ಅವರ ಕಥೆಯಲ್ಲಿ ಒಡಂಬಡಿಕೆ ಆದಾಗ ಅರಸನೂ ಇರಲಿಲ್ಲ, ಗುಡಿಯೂ ಇರಲಿಲ್ಲ. ಹಾಗಾಗಿ ಎರಡೂ ಹೋದ ದಿನ ಹಿಡಿದುಕೊಳ್ಳಲು ಒಂದು ಉಳಿದಿತ್ತು. ಗುಡಿ ಬೀಳುವ ಮೊದಲೇ ಯೆರೆಮೀಯ ಅದರ ಬಾಗಿಲಲ್ಲಿ ನಿಂತು ಕೂಗಿದ್ದ: ಯೆಹೋವನ ಆಲಯ, ಯೆಹೋವನ ಆಲಯ ಅಂತ ಜಪ ಮಾಡಿದರೆ ಏನೂ ಆಗಲ್ಲ, ವಿಧವೆಗೆ, ಅನಾಥರಿಗೆ, ಹೊರಗಿನವರಿಗೆ ಅನ್ಯಾಯ ಮಾಡಬೇಡಿ, ಹಿಂದೆ ಹಾಳಾದ ಶೀಲೋವಿನ ಗುಡಿ ಏನಾಯಿತು ಹೋಗಿ ನೋಡಿ ಬನ್ನಿ. ಸಾಯಿಸಿ ಅಂತ ಎದ್ದಿದ್ದರು ಜನ. ಅತ್ತ ಬಾಬಿಲೋನಿನ ಕೆಬಾರ್ ಕಾಲುವೆಯ ದಂಡೆಯಲ್ಲಿ ಸೆರೆಯಾಳಾಗಿದ್ದ ಯೆಹೆಜ್ಕೇಲನಿಗೆ ದೇವರ ಸಿಂಹಾಸನ ಕಾಣುತ್ತದೆ, ಅದಕ್ಕೆ ಚಕ್ರಗಳಿವೆ. ಅಂದರೆ ದೇವರೂ ಊರು ಬಿಟ್ಟು ಹೊರಟು ಬಂದಿದ್ದಾನೆ. ಮಂಗಳೂರಿನ ಓದುಗರು ಕೇಳಿದ್ದ ಗುಡಾರಕ್ಕೆ ಮತ್ತೆ ಗಾಲಿ ಬಂದ ಹಾಗಾಯಿತು.

ಆಮೇಲೆ ಪರ್ಷಿಯದ ಅರಸ ಕೋರೆಷ್ (ಸೈರಸ್) ಬಾಬಿಲೋನ್ ಗೆದ್ದು ಜನರನ್ನು ಊರಿಗೆ ಬಿಟ್ಟ. ಯೆಶಾಯನ ಪುಸ್ತಕದಲ್ಲಿ ಯೆಹೋವ ಈ ಪರದೇಶಿ ಅರಸನನ್ನು ನನ್ನ ಅಭಿಷಿಕ್ತ ಅನ್ನುತ್ತಾನೆ, ಸೌಲ, ದಾವೀದರಂಥ ತಮ್ಮ ಅರಸರಿಗೆ ಕೊಡುತ್ತಿದ್ದ ಬಿರುದು ಅದು. ಕ್ರಿ.ಪೂ. 515ರ ಹೊತ್ತಿಗೆ ಗುಡಿ ಮತ್ತೆ ಎದ್ದಿತು, ದಾವೀದನ ವಂಶದ ಅರಸ ಮಾತ್ರ ಬರಲಿಲ್ಲ. ಮಂಜೂಷವೂ ಬರಲಿಲ್ಲ. ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪೊಂಪೇಯ ಕುತೂಹಲ ತಡೆಯದೆ ಒಳಕೋಣೆಗೆ ನುಗ್ಗಿ ನೋಡಿದರೆ ಖಾಲಿ. ಕ್ರಿ.ಶ. 70ರಲ್ಲಿ ರೋಮನರು ಆ ಗುಡಿಯನ್ನೂ ಕೆಡವಿದರು. ಈಗ ಜನ ಹಣೆ ಇಟ್ಟು ಪ್ರಾರ್ಥಿಸುವ ಪಶ್ಚಿಮದ ಗೋಡೆ ಗುಡಿಯ ಗೋಡೆಯಲ್ಲ, ಹೆರೋದ ಅರಸ ಗುಡಿಯ ಅಂಗಳ ಹಿಗ್ಗಿಸಲು ಸುತ್ತ ಕಟ್ಟಿಸಿದ ಒತ್ತುಗೋಡೆ.

ಪ್ರಶ್ನೆ (ಶಿವಮೊಗ್ಗದಿಂದ, ಕಾಲೇಜು ವಿದ್ಯಾರ್ಥಿನಿ): ಇದನ್ನೆಲ್ಲ ಕನ್ನಡದಲ್ಲಿ ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ? ಮೊದಲಿನಿಂದ ಹಿಡಿದರೆ ಅರ್ಧಕ್ಕೇ ನಿಲ್ಲುತ್ತದೆ.

ಉತ್ತರ: ಮೊದಲಿನಿಂದ ಹಿಡಿಯಬೇಡಮ್ಮ. ಕನ್ನಡ ಸತ್ಯವೇದದಲ್ಲಿ ಸಮುವೇಲನ ಮೊದಲ ಪುಸ್ತಕದ 8ನೇ ಅಧ್ಯಾಯ ತೆಗೆದು, ಕಾದಂಬರಿ ಥರ ಅರಸುಗಳ ಪುಸ್ತಕದ ಕೊನೆವರೆಗೆ ಓದಿಕೊಂಡು ಹೋಗು. ನಡುವೆ ನ್ಯಾಯಸ್ಥಾಪಕರು 9 ಮತ್ತು ಯೆರೆಮೀಯ 7 ಓದು. ಎರಡನೇ ಸಮುವೇಲನ 11 ಮತ್ತು 12ನ್ನು ಒಂದೇ ಉಸಿರಿಗೆ ಓದಬೇಕು, ಊರೀಯನ ಹೆಂಡತಿ ಬತ್ಷೆಬೆಯನ್ನು ದಾವೀದ ಕರೆಸಿಕೊಂಡದ್ದು, ಊರೀಯನನ್ನು ಯುದ್ಧದಲ್ಲಿ ಸಾಯಿಸಿದ್ದು, ನಾತಾನ ಬಂದು ಬಡವನ ಒಂದೇ ಕುರಿಮರಿಯ ಕಥೆ ಹೇಳಿ ಅರಸನ ಬಾಯಲ್ಲೇ ತೀರ್ಪು ಹೊರಡಿಸಿದ್ದು ಎಲ್ಲ ಅಲ್ಲೇ ಇದೆ. ಸೊಲೊಮೋನನ ಗುಡಿಯ ಕಂಬ, ಬೋಗುಣಿ, ಗಾಡಿಗಳ ಅಳತೆ ಬಂದಾಗ ಪುಟ ತಿರುಗಿಸು, ಬೇಕಾದರೆ ಆಮೇಲೆ ನೋಡಿಕೊಂಡರಾಯಿತು.